ಮೂರು ದಿನದ ರೀಡಿಂಗ್ ನೋಡಿ ಟೆಲೊಮರೇಸ್ ತಡೆಕಾರಕವನ್ನು ತಳ್ಳಿಹಾಕಬೇಡಿ

ಬೆಳಗಾವಿಯ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನಾನು ಸೆಲ್ ಕಲ್ಚರ್ ನೋಡಿಕೊಳ್ಳುತ್ತೇನೆ. ಕಳೆದ ಮಳೆಗಾಲದ ರಿವ್ಯೂ ಮೀಟಿಂಗ್‌ನಲ್ಲಿ ಮೇಲಧಿಕಾರಿಗಳು, ಹೀಲಾ ಎಂಬ ಕ್ಯಾನ್ಸರ್ ಕೋಶಗಳಲ್ಲಿ ಎಷ್ಟು ಬದುಕಿವೆ ಎಂದು ಅಳೆಯುವ ಎಂಟಿಟಿ ಪರೀಕ್ಷೆಯ ರೀಡಿಂಗ್ ನೋಡಿ, “72 ತಾಸಾದ್ರೂ ಹೀಲಾ ಸತ್ತಿಲ್ಲ ಅಂದ್ರ ಕಂಪೌಂಡ್ ನಿಷ್ಕ್ರಿಯ ಅಂತ ಬರೀರಿ” ಎಂದದ್ದು ನನ್ನನ್ನು ಇನ್ನೂ ಚುಚ್ಚುತ್ತದೆ.

ಆ ಕಂಪೌಂಡ್ ಕೋಶಕ್ಕೆ ವಿಷವಿಕ್ಕುವಂಥದ್ದಲ್ಲ. ಟೆಲೊಮರೇಸ್ ಎಂಬ ಕಿಣ್ವ ತನ್ನೊಳಗಿನ ಆರ್‌ಎನ್‌ಎ ಅಚ್ಚನ್ನು ಬಳಸಿ ವರ್ಣತಂತುವಿನ ತುದಿಗೆ, ಅಂದರೆ ಟೆಲೊಮಿಯರ್‌ಗೆ, ಟಿಟಿಎಜಿಜಿಜಿ ಎಂಬ ಆರಕ್ಷರದ ಡಿಎನ್‌ಎ ಸರಣಿಯನ್ನು ಮತ್ತೆ ಮತ್ತೆ ಜೋಡಿಸುತ್ತದೆ. ನಮ್ಮ ಕಂಪೌಂಡ್ ಒಂದು ಆಲಿಗೊ, ಅಂದರೆ ನ್ಯೂಕ್ಲಿಯೊಟೈಡ್‌ಗಳ ಚಿಕ್ಕ ಸರಪಳಿ; ಅದು ಆ ಅಚ್ಚಿಗೇ ಅಂಟಿಕೊಂಡು ಜೋಡಣೆಯನ್ನು ತಡೆಯುತ್ತದೆ. ಅಲ್ಲಿಂದ ಮುಂದೆ ಪ್ರತಿ ವಿಭಜನೆಯಲ್ಲೂ ತುದಿ ಸುಮಾರು 50ರಿಂದ 200 ಬೇಸ್ ಜೋಡಿಗಳಷ್ಟು ಸವೆಯುತ್ತ ಬಂದು, ಸಾವಿರಾರು ಜೋಡಿಗಳ ಟೆಲೊಮಿಯರ್ ಅಪಾಯದ ಮಟ್ಟಕ್ಕೆ ಇಳಿದ ಮೇಲಷ್ಟೇ ಕೋಶ ವಿಭಜನೆ ನಿಲ್ಲಿಸುತ್ತದೆ ಅಥವಾ ಸಾಯುತ್ತದೆ. ಇದು ವಾರಗಳ ಕೆಲಸ.

ಟೆಲೊಮರೇಸ್ ಕೆಲಸ ಮಾಡುತ್ತಿದೆಯೇ ಎಂದು ನೇರವಾಗಿ ತೋರಿಸುವ ಟ್ರ್ಯಾಪ್ ಪರೀಕ್ಷೆ ಮಾಡದೆ ವರದಿಗೆ ಸಹಿ ಹಾಕುವುದಿಲ್ಲ ಎಂದೆ. ಅಂದು ಸಂಜೆ ಅದರ ಪಿಸಿಆರ್ ಹಂತದ ನಡುವೆಯೇ ಕರೆಂಟ್ ಹೋಗಿ, ಯುಪಿಎಸ್ ಕಿರುಗುಟ್ಟುತ್ತಿದ್ದಷ್ಟು ಹೊತ್ತೂ ನಾವು ಯಂತ್ರದ ಮುಂದಿನಿಂದ ಕದಲಲಿಲ್ಲ. ಡಿಎನ್‌ಎ ಪಟ್ಟಿಗಳ ಚಿತ್ರ ತೆಗೆಯುವ ಜೆಲ್ ಡಾಕ್‌ನಲ್ಲಿ ಚಿತ್ರ ಮೂಡಿದಾಗ ಔಷಧ ಹಾಕದ ಲೇನ್‌ನಲ್ಲಿ (ಜೆಲ್‌ನ ಸಾಲಿನಲ್ಲಿ) ಆರಾರು ಬೇಸ್ ಅಂತರದ ಪಟ್ಟಿಗಳು ಏಣಿಯಂತೆ (ಲ್ಯಾಡರ್) ಸ್ಪಷ್ಟವಾಗಿದ್ದವು. ಕಾಯಿಸಿ ಕಿಣ್ವ ಕೆಡಿಸಿದ ಲೇನ್‌ನಲ್ಲಿ ಆ ಏಣಿ ಇರಲಿಲ್ಲ. “ಔಷಧದ ಲೇನ್‌ನಾಗೂ ಲ್ಯಾಡರ್ ಇಲ್ರಿ ಮೇಡಂ!” ಎಂದು ಜೂನಿಯರ್ ಫೆಲೋ ಕೂಗಿದ. ನನ್ನ ಕಣ್ಣು ಮಾತ್ರ ಪಿಸಿಆರ್ ಸರಿಯಾಗಿ ನಡೆದಿದೆ ಎಂದು ತೋರಿಸುವ ಕೆಳಗಿನ ಇಂಟರ್ನಲ್ ಕಂಟ್ರೋಲ್ ಪಟ್ಟಿಯ ಮೇಲಿತ್ತು, ಏಕೆಂದರೆ ಅದೂ ಮಾಯವಾಗಿದ್ದರೆ ಸೋತದ್ದು ಪಿಸಿಆರೇ ಹೊರತು ಟೆಲೊಮರೇಸ್ ಅಲ್ಲ. ಆ ಬ್ಯಾಂಡ್ ಗಟ್ಟಿಯಾಗಿ ನಿಂತಿತ್ತು.

ಇದೇ ಬಗೆಯ ಔಷಧ ಇಮೆಟೆಲ್‌ಸ್ಟಾಟ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜೂನ್‌ನಲ್ಲಿ ಅನುಮತಿ ಕೊಟ್ಟಿತು. ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದ, ಕಡಿಮೆ ಅಪಾಯದ ಎಂಡಿಎಸ್ (ಮಜ್ಜೆ ರಕ್ತಕಣಗಳನ್ನು ಸರಿಯಾಗಿ ತಯಾರಿಸದ ಕಾಯಿಲೆ) ರೋಗಿಗಳ ಮೇಲಿನ ಅದರ ಪರೀಕ್ಷೆಯಲ್ಲಿ ಕನಿಷ್ಠ 8 ವಾರ ರಕ್ತ ಹಾಕಿಸಿಕೊಳ್ಳದೆ ಇರುವುದೇ ಮುಖ್ಯ ಅಳತೆಯಾಗಿತ್ತು. ಆಸ್ಪತ್ರೆಯಲ್ಲಿ ಇಷ್ಟು ಕಾಯುವವರಿರುವಾಗ ಪ್ಲೇಟಿನ ಮುಂದೆ ನಮಗೇಕೆ ಅವಸರ?

ನಮ್ಮ ವರದಿ ನಮೂನೆಯಲ್ಲಿ ಇಂದಿಗೂ 24, 48, 72 ಗಂಟೆಯ ಕಾಲಂಗಳಷ್ಟೇ ಇವೆ. ವಿಭಜನೆಗಳನ್ನು ಎಣಿಸುವ ಕಾಲಂ ಕೇಳಿದರೆ ಉತ್ತರವಿಲ್ಲ. ಸದ್ಯ ಹೀಲಾ ಪಕ್ಕದಲ್ಲೇ, ಟೆಲೊಮರೇಸ್ ನೆಚ್ಚದೆ ಎಎಲ್‌ಟಿ ಎಂಬ ಬೇರೊಂದು ದಾರಿಯಲ್ಲಿ ತುದಿ ಕಾಯ್ದುಕೊಳ್ಳುವ ಯು2ಓಎಸ್ ಎಂಬ ಕ್ಯಾನ್ಸರ್ ಕೋಶಗಳನ್ನೂ ಅದೇ ಡೋಸ್‌ನಲ್ಲಿ ಪ್ಯಾಸೇಜ್ ಮಾಡುತ್ತ, ಅಂದರೆ ಹೊಸ ಪಾತ್ರೆಗೆ ಬದಲಿಸುತ್ತ, ಬೆಳೆಸುತ್ತಿದ್ದೇನೆ. ಅವೂ ಹೀಲಾ ಜೊತೆಗೇ ಸತ್ತರೆ, ಈ ಕಂಪೌಂಡ್ ಬರೀ ವಿಷ ಎಂದು ನಾನೇ ಬರೆದುಕೊಡುತ್ತೇನೆ.