ಗಾಳಿ ತುಂಬುವ ದೋಣಿಯಲ್ಲಿ ಇಬ್ಬರು: ಹೊರಡುವ ಮುನ್ನ ಇಷ್ಟು ತಿಳಿದಿರಲಿ

ಪ್ಯಾಕ್‌ರಾಫ್ಟ್‌ನಲ್ಲಿ, ಅಂದರೆ ಮಡಚಿ ಒಯ್ಯಬಹುದಾದ ಗಾಳಿ ತುಂಬುವ ದೋಣಿಯಲ್ಲಿ, ಇನ್ನೊಬ್ಬರನ್ನು ಕೂರಿಸಿಕೊಂಡು ಸರೋವರ ಸುತ್ತುವ ಆಸೆ ಇದ್ದರೆ, ಅವರು ಎಲ್ಲಿ ಕೂರುತ್ತಾರೆ ಎಂದು ಮೊದಲು ತೀರ್ಮಾನಿಸಿ. ದೂರ, ಊಟ, ಕ್ಯಾಮೆರಾ ಎಲ್ಲ ಆಮೇಲೆ. ನಾನು ತಂಗಿಯನ್ನು ಕರೆದುಕೊಂಡು ಹೋದಾಗ ಇಡೀ ದಿನದ ಸುಖ ನಿಂತಿದ್ದು ಇದೊಂದರ ಮೇಲೆ.

ಬೆನ್ನುಚೀಲದಲ್ಲಿ ಹಿಡಿಸುವ ಈ ದೋಣಿಗಳು ಸಾಮಾನ್ಯವಾಗಿ 2ರಿಂದ 4 ಕೆಜಿ ಇರುತ್ತವೆ. ದೋಣಿಗಿಂತ ಕೂತವರ ತೂಕವೇ ಎಷ್ಟೋ ಪಟ್ಟು ಜಾಸ್ತಿ, ಅಲ್ವಾ? ಹಾಗಾಗಿ ತೂಕ ಒಂದು ಗೇಣು ಆಚೀಚೆ ಆದರೂ ದೋಣಿಗೆ ಗೊತ್ತಾಗುತ್ತದೆ. ಒಬ್ಬರೇ ಹಿಂದೆ ಕೂತರೆ ಮೂತಿ ಮೇಲೆದ್ದು, ಹುಟ್ಟು ಹಾಕಿದಾಗೆಲ್ಲ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಮುಂದೆ ಇನ್ನೊಬ್ಬರು ಕೂತರೆ ಮೂತಿ ನೀರಿಗಿಳಿದು ದೋಣಿ ನೇರ ಸಾಗುತ್ತದೆ. ತೀರಾ ಮುಂದಕ್ಕೆ ಕೂತರೆ ಮಾತ್ರ ಮೂತಿ ಮುಳುಗಿ, ಹಿಂಬದಿ ಜಾರತೊಡಗುತ್ತದೆ. ದಡದಲ್ಲಿ ಒಬ್ಬರನ್ನು ನಿಲ್ಲಿಸಿ ಪಕ್ಕದಿಂದ ನೋಡಲು ಹೇಳಿ. ಎರಡೂ ತುದಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು, ಹಿಂದೆ ತುಸು ತಗ್ಗಿದ್ದರೆ ಸರಿ.

ತಂಗಿ ನನ್ನ ಕಾಲುಗಳ ನಡುವೆ, ಮುಂದಕ್ಕೆ ಮುಖ ಮಾಡಿ, ತಳದ ಮೇಲೆ ಹಾಸಿದ ತೆಳು ಮ್ಯಾಟ್ ಮೇಲೆ ಕೂತಳು. ಎದುರುಬದುರು ಕೂತರೆ ಹರಟೆಗೆ ಚೆನ್ನ. ಆದರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ, ಮುಂದೇನಿದೆ ಎಂದು ನೋಡುವ ಎರಡನೇ ಜೋಡಿ ಕಣ್ಣೂ ಇಲ್ಲವಾಗುತ್ತದೆ. ನಾನಂತೂ ಮುಂದೆ ನೋಡಿ ಕೂರುವುದನ್ನೇ ಹೇಳುತ್ತೇನೆ. ಎತ್ತರದ ಸೀಟು ಬೇಡ. ತಗ್ಗಿ ಕೂತಷ್ಟೂ ದೋಣಿ ಅಲುಗಾಡುವುದು ಕಡಿಮೆ.

ಮುಂದೊಂದು ತಲೆ ಇರುವಾಗ ಹುಟ್ಟನ್ನು ಕಡಿದಾಗಿ ಇಳಿಸಲು ಆಗುವುದಿಲ್ಲ. ಅಡ್ಡಡ್ಡಲಾಗಿ, ಅಗಲಕ್ಕೆ ಬೀಸಬೇಕು. ಅದಕ್ಕೆ ಎರಡೂ ಕಡೆ ಅಲಗಿರುವ, ಸುಮಾರು 220 ಸೆಂ.ಮೀ. ಉದ್ದದ ಹುಟ್ಟು ಅನುಕೂಲ. ದೋಣಿ ನೇರ ಸಾಗಲೆಂದು ಅದರ ಹಿಂಬದಿಯ ತಳಕ್ಕೆ ಸಿಕ್ಕಿಸುವ ಸಣ್ಣ ರೆಕ್ಕೆ ಇದ್ದರೆ ಬಿಡಬೇಡಿ, ಹಾಕಿಕೊಳ್ಳಿ.

ಗಾಳಿ ತುಂಬುವಾಗ ಒಂದು ವಿಷಯ. ಬಿಸಿಲಲ್ಲಿ ಗಟ್ಟಿಯಾಗಿ ಉಬ್ಬಿದ ದೋಣಿ ತಣ್ಣೀರಿಗೆ ಇಳಿದ ಕೆಲವೇ ನಿಮಿಷಕ್ಕೆ ಮೆತ್ತಗಾಗುತ್ತದೆ. ತೂತು ಬಿದ್ದಿಲ್ಲ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿದೆ ಅಷ್ಟೆ. ಇಬ್ಬರ ತೂಕಕ್ಕೆ ಮೆತ್ತಗಿನ ದೋಣಿ ನಡುವೆ ಬಗ್ಗುತ್ತದೆ, ಹುಟ್ಟು ಹಾಕುವ ಶ್ರಮ ಏರುತ್ತದೆ. ಆದ್ದರಿಂದ ನೀರಿಗಿಳಿಸಿ, ಸ್ವಲ್ಪ ಕಾದು, ಮತ್ತೆ ಗಾಳಿ ತುಂಬಿ ಹೊರಡಿ. ನಡುವೆ ದಡಕ್ಕೆ ಎಳೆದು ಬಿಸಿಲಲ್ಲಿ ಬಿಡುವುದಾದರೆ ಉಲ್ಟಾ: ಒಂದಷ್ಟು ಗಾಳಿ ಬಿಟ್ಟುಬಿಡಿ, ಇಲ್ಲದಿದ್ದರೆ ಹೊಲಿಗೆ, ಅಂಟುಗಳ ಮೇಲೆ ಒತ್ತಡ ಬೀಳುತ್ತದೆ. ದೋಣಿ ಹೊರಬಲ್ಲ ತೂಕವನ್ನು ತಯಾರಕರು ಹೇಳಿರುತ್ತಾರೆ. ಚೀಲ, ನೀರಿನ ಬಾಟಲಿಗಳನ್ನೂ ಸೇರಿಸಿ ಲೆಕ್ಕ ಹಾಕಿ.

ಹತ್ತುವಾಗ ಹುಟ್ಟು ಹಾಕುವವರು ಮೊಣಕಾಲುದ್ದ ನೀರಲ್ಲಿ ದೋಣಿ ಹಿಡಿದು ನಿಲ್ಲಲಿ. ಇನ್ನೊಬ್ಬರು ನಡುವೆ ಕುಂಡೆಯೂರಿ, ಆಮೇಲೆ ಕಾಲು ಒಳಗೆಳೆದುಕೊಳ್ಳಲಿ. ನಿಂತು ಹತ್ತಿದರೆ ಮಗುಚುತ್ತದೆ.

ಈಗ ಗಾಳಿಯ ಮಾತು. ಸರೋವರ ಎಷ್ಟೇ ಶಾಂತವಾಗಿರಲಿ, ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ವಾಪಸ್ ಬರುವಾಗ ಅದರ ಜೊತೆ ಬನ್ನಿ. ದಣಿದಿರುವಾಗ ಎದುರುಗಾಳಿ ಸಿಕ್ಕರೆ ಈ ಹಗುರ ದೋಣಿ ಹುಟ್ಟು ನಿಲ್ಲಿಸಿದ ಕೂಡಲೇ ಹಿಂದಕ್ಕೆ ತೇಲುತ್ತದೆ. ನಾವು ಬೆಳಗ್ಗೆ ಬೇಗ ಇಳಿದೆವು, ನೀರು ಕದಲುತ್ತಲೇ ಇರಲಿಲ್ಲ. ಆಗಲೂ ಗಂಟೆಗೆ ಸುಮಾರು 3 ಕಿ.ಮೀ. ಅಷ್ಟೇ ಸಾಗಿದ್ದು. ಬಿಸಿಲೇರಿ ಅಲೆ ಸಣ್ಣಗೆ ಶುರುವಾದಾಗ ನಡುನೀರು ಬಿಟ್ಟು ದಡದ ಪಕ್ಕಕ್ಕೆ ಬಂದೆವು. ಸುತ್ತುದಾರಿಯಾದರೂ ಚಿಂತೆಯಿಲ್ಲ. ಒಬ್ಬರೇ ಹೋಗುವ ದೂರದ ಅರ್ಧವನ್ನಷ್ಟೇ ಇಬ್ಬರಿಗೆ ಇಟ್ಟುಕೊಳ್ಳಿ.

ಲೈಫ್ ಜಾಕೆಟ್ ಇಬ್ಬರಿಗೂ ಇರಲೇಬೇಕು, ಮೈಮೇಲೆ, ಬಕಲ್ ಹಾಕಿ. ಕಾಲ ಬಳಿ ಸಡಿಲ ಹಗ್ಗ ಬಿಡಬೇಡಿ. ಈಜು ಬಾರದವರಿದ್ದರೆ ಮೊದಲು ಎದೆಮಟ್ಟದ ನೀರಲ್ಲಿ ಬೇಕಂತಲೇ ದೋಣಿ ಮಗುಚಿ, ಜಾಕೆಟ್ ಎತ್ತಿ ಹಿಡಿಯುವುದನ್ನು ಅವರೇ ಅನುಭವಿಸಲಿ. ತಂಗಿಗೆ ಇದಾದ ಮೇಲೆಯೇ ಭಯ ಹೋಗಿ, ಸುಮ್ನೆ ಕೈ ನೀರಿಗೆ ಬಿಟ್ಟು ಕೂತಳು.

ಮುಗಿದ ಮೇಲೆ ಮರಳು ತೊಳೆದು, ಪೂರ್ತಿ ಒಣಗಿಸಿಯೇ ಮಡಚಿ.