ಎದುರಿನಿಂದ ಬರುವವರ ರೈನ್‌ಕೋಟ್

ಬೆಳಿಗ್ಗೆ ಎಂಟೂಕಾಲಿಗೆ ಸುರತ್ಕಲ್ ಹತ್ತಿರದ ಹೊಸಬೆಟ್ಟಿನ ನಮ್ಮ ಮನೆಯಂಗಳದಲ್ಲಿ ನಿಂತು ನಾನು ಆಕಾಶ ನೋಡುತ್ತೇನೆ. ಅಮ್ಮ ಒಳಗಿನಿಂದಲೇ ಕಡಲಿನ ಸದ್ದು ಕೇಳುತ್ತಾಳೆ. "ತೆಂಕಿನಿಂದ ಬೊಬ್ಬೆ ಹಾಕ್ತಾ ಉಂಟು. ಕೋಟು ಹಾಕಿಯೇ ಹೋಗು ಮಗ," ಎನ್ನುತ್ತಾಳೆ. ಮೊಬೈಲಿನಲ್ಲಿ ನೋಡಿದರೆ ಮಳೆ ಹತ್ತು ಗಂಟೆಗೆ ಎಂದಿರುತ್ತದೆ. ನಾನು ಮೊಬೈಲನ್ನು ನಂಬುತ್ತೇನೆ. ಬೈಕಂಪಾಡಿಗೆ ಮುಟ್ಟುವಾಗ ಪೂರ್ತಿ ಒದ್ದೆ, ಚಂಡಿ ಆಗಿರುತ್ತೇನೆ.

ನಾನು ಮಂಗಳೂರಿನ ಹಳೆ ಬಂದರು ಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುವವ. ಮನೆಯಿಂದ ಅಲ್ಲಿಗೆ ಸುಮಾರು 15 ಕಿಲೋಮೀಟರ್. ಬೈಕು 2010ರ ಹೀರೋ ಹೋಂಡಾ ಸ್ಪ್ಲೆಂಡರ್. ಹೀರೋ ಮತ್ತು ಹೋಂಡಾ ಬೇರೆ ಬೇರೆಯಾಗಿ ವರ್ಷಗಟ್ಟಲೆ ಆಯಿತು. ನಾವಿಬ್ಬರು ಮಾತ್ರ ಇನ್ನೂ ಒಟ್ಟಿಗೆ ಇದ್ದೇವೆ. 15 ವರ್ಷ ತುಂಬಿದಾಗ ಆರ್‌ಸಿ ನವೀಕರಿಸಿ, ಅದಕ್ಕೆ ಇನ್ನೂ 5 ವರ್ಷ ಆಯುಸ್ಸು ಬರೆಸಿಕೊಂಡು ಬಂದೆ.

ಬೆಂಗಳೂರಿನಲ್ಲಿರುವ ನನ್ನ ಭಾವ ಫೋನ್ ಮಾಡಿದಾಗಲೆಲ್ಲ "ನಿಮ್ಮಲ್ಲಿ ಎಂತ ಟ್ರಾಫಿಕ್ ಮಾರಾಯ, ಆರಾಮ" ಎನ್ನುತ್ತಾನೆ. ಅವನ ಸಿಗ್ನಲ್‌ಗಳ ಕಥೆ ಕೇಳಿದ ಮೇಲೆ ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಬೈಕಿನಲ್ಲಿ ಕೆಲಸಕ್ಕೆ ಹೋಗುವವನಿಗೆ ಟ್ರಾಫಿಕ್ ಆಮೇಲಿನ ವಿಷಯ. ಮೊದಲ ಪ್ರಶ್ನೆ ಒಂದೇ. ರೈನ್‌ಕೋಟ್ ಈಗ ಹಾಕುವುದಾ, ಇನ್ನು ಸ್ವಲ್ಪ ಮುಂದೆ ಹೋಗಿ ಹಾಕುವುದಾ?

ಇದು ಸಣ್ಣ ಪ್ರಶ್ನೆ ಅಂತ ಕಾಣಬಹುದು. ರೈನ್‌ಕೋಟ್ ಹಾಕುವುದೆಂದರೆ ಬದಿಗೆ ನಿಲ್ಲಬೇಕು, ಹೆಲ್ಮೆಟ್ ತೆಗೆಯಬೇಕು, ಅದನ್ನು ಕನ್ನಡಿಗೆ ಸಿಕ್ಕಿಸಬೇಕು. ಆಮೇಲೆ ಒಂಟಿ ಕಾಲಿನಲ್ಲಿ ನಿಂತು ಪ್ಯಾಂಟಿನೊಳಗೆ ಇನ್ನೊಂದು ಕಾಲು ತೂರಿಸಬೇಕು. ಚಪ್ಪಲಿ ಒಳಗೆ ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ಕನ್ನಡಿಗೆ ಸಿಕ್ಕಿಸಿದ ಹೆಲ್ಮೆಟ್ ಮೇಲ್ಮುಖವಾಗಿ ತಿರುಗಿ ತಂಬಿಗೆಯ ಹಾಗೆ ನೀರು ಹಿಡಿಯುತ್ತದೆ. ಎಲ್ಲ ಮುಗಿಸಿ ಹೊರಟರೆ ಇನ್ನೂರು ಮೀಟರ್ ಮುಂದೆ ರಸ್ತೆ ಒಣಗಿರುತ್ತದೆ. ಬಿಸಿಲು. ಒಳಗೆ ಬೆವರು. ಬಸ್ ಸ್ಟಾಪಿನಲ್ಲಿ ನಿಂತ ಕಾಲೇಜು ಮಕ್ಕಳ ಎದುರು ನೀವೊಬ್ಬರೇ ನೀಲಿ ಪ್ಲಾಸ್ಟಿಕ್ಕಿನಲ್ಲಿ ಹೋಗುತ್ತೀರಿ.

ನಮ್ಮ ಮಳೆ ಹಾಗೆಯೇ. ಹವಾಮಾನ ಇಲಾಖೆಯ ಪಟ್ಟಿಯಲ್ಲೇ ಪಣಂಬೂರಿನ ಮಳೆಯ ಲೆಕ್ಕ ಬೇರೆ, ಬಜ್ಪೆ ವಿಮಾನ ನಿಲ್ದಾಣದ್ದು ಬೇರೆ ಇರುತ್ತದೆ. ಹೊಳೆಯ ಆಚೆ ಧೋ ಅಂತ ಸುರಿಯುವಾಗ ಈಚೆ ಯಾರೋ ಬಟ್ಟೆ ಒಣ ಹಾಕಿರುತ್ತಾರೆ.

ಹಾಗಾಗಿ ಈ ದಾರಿಯಲ್ಲಿ ದಿನಾ ಓಡಾಡುವ ನಮಗೆಲ್ಲ ಒಂದು ಅಭ್ಯಾಸ ಉಂಟು. ಡಿವೈಡರಿನ ಆಚೆ, ಎದುರಿನಿಂದ ಬರುವವರನ್ನು ನೋಡುವುದು. ಸುಮ್ನೆ ನೋಡುವುದಲ್ಲ, ಓದುವುದು. ಬಸ್ಸಿನ ವೈಪರ್ ಆಡುತ್ತಾ ಉಂಟಾ? ಕಾರಿನ ಬಾನೆಟ್ ಹೊಳೆಯುತ್ತಾ ಉಂಟಾ? ಮುಖ್ಯವಾಗಿ ಬೈಕಿನವರ ಮೈಮೇಲೆ ರೈನ್‌ಕೋಟ್ ಉಂಟಾ? ಒಬ್ಬ ಹಾಕಿದ್ದರೆ ಲೆಕ್ಕಕ್ಕಿಲ್ಲ, ಅವನು ಜಾಗ್ರತೆಯ ಮನುಷ್ಯ ಇರಬಹುದು. ಸಾಲಾಗಿ ನಾಲ್ಕು ಜನ ಹಾಕಿ, ಹೆಗಲಿನಿಂದ ನೀರು ಇಳಿಯುತ್ತಿದ್ದರೆ ಮುಂದೆ ಮಳೆ ಗ್ಯಾರಂಟಿ. ಹಿಂದೆ ಕೂತವರು ಬೆನ್ನಿಗೆ ಅಂಟಿ ತಲೆ ತಗ್ಗಿಸಿದ್ದರೆ ಅದು ಜೋರು ಮಳೆ. ಕೋಟಿಲ್ಲದೆ ಪೂರ್ತಿ ಚಂಡಿಯಾದವನು ನಿಧಾನಕ್ಕೆ ಬರುತ್ತಿದ್ದರೆ ಅವನು ಆಸೆ ಬಿಟ್ಟಿದ್ದಾನೆ ಅಂತ ಅರ್ಥ. ಹೇಗೂ ಒದ್ದೆಯಾಗಿ ಆಯಿತು, ಇನ್ನೆಂತ ಅವಸರ?

ಈ ಓದು ಪಣಂಬೂರು ಬಿಡುವುದರೊಳಗೆ ಮುಗಿಯಬೇಕು. ಕೂಳೂರಿನ ಸೇತುವೆ ಹತ್ತಿದ ಮೇಲೆ ನಿಲ್ಲಲಿಕ್ಕೆ ಜಾಗವಿಲ್ಲ. ಅಲ್ಲಿಯ ಹಳೆ ಕಮಾನು ಸೇತುವೆ 1952ರದ್ದು. ಪಣಂಬೂರಿನ ನವಮಂಗಳೂರು ಬಂದರು ದೇಶದ ಒಂಬತ್ತನೇ ಮಹಾ ಬಂದರು ಆದದ್ದೇ 1974ರಲ್ಲಿ. ಅಂದರೆ ಗ್ಯಾಸಿನ ಬುಲೆಟ್ ಟ್ಯಾಂಕರುಗಳು ಸಾಲುಗಟ್ಟಿ ಈ ದಾರಿಯಲ್ಲಿ ಬರುತ್ತವೆ ಎಂದು ಸೇತುವೆ ಕಟ್ಟಿದವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಟ್ಯಾಂಕರಿನ ಪಕ್ಕ ಸಿಕ್ಕಿಕೊಂಡರೆ ಮೇಲಿನ ಮಳೆಗಿಂತ ಕೆಳಗಿನ ಮಳೆ ಜಾಸ್ತಿ. ಅದರ ಚಕ್ರಗಳಿಂದ ಎದ್ದ ಕೆಸರು ನೀರು ಸೀದಾ ಹೆಲ್ಮೆಟ್ಟಿನ ಗಾಜಿಗೆ. ಒರೆಸಿದರೆ ಇನ್ನೂ ಮಸುಕು. ಗಾಜು ಎತ್ತಿದರೆ ಕಣ್ಣಿಗೆ ಹನಿ ಸೂಜಿಯ ಹಾಗೆ ಚುಚ್ಚುತ್ತದೆ. ನಾನು ಕಂಡುಕೊಂಡ ಉಪಾಯ ಒಂದುಂಟು. ರಾತ್ರಿ ಗಾಜಿನ ಒಳಬದಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಇಡುವುದು. ಉಸಿರಿನ ಹಬೆ ಕೂರುವುದಿಲ್ಲ. ದಾರಿಯುದ್ದಕ್ಕೂ ನಿಂಬೆಯ ವಾಸನೆ ಬರುತ್ತದೆ, ಅದೊಂದೇ ತೊಂದರೆ.

ಹೊಂಡದ ವಿಷಯ ಹೇಳದಿದ್ದರೆ ಹೇಗೆ? ಬೇಸಿಗೆಯಲ್ಲಿ ಹೊಂಡ ಕಾಣುತ್ತದೆ, ತಪ್ಪಿಸಬಹುದು. ಜುಲೈಯಲ್ಲಿ ಎಲ್ಲ ಹೊಂಡಗಳಲ್ಲೂ ನೀರು ತುಂಬಿ ರಸ್ತೆ ಒಂದೇ ಸಮ ಕಾಣುತ್ತದೆ. ಒಂದು ಇಂಚಿನದ್ದಾ, ಒಂದು ಅಡಿಯದ್ದಾ ಅಂತ ಚಕ್ರ ಇಳಿದ ಮೇಲೆಯೇ ಗೊತ್ತು. ನಾನು ಆಟೋದ ಹಿಂದೆ ಹೋಗುತ್ತೇನೆ. ದಿನಾ ಅದೇ ದಾರಿಯಲ್ಲಿ ಹೋಗುವ ಆಟೋದವರಿಗೆ ಹೊಂಡಗಳ ನಕ್ಷೆ ಬಾಯಿಪಾಠ. ಮೂರು ಚಕ್ರಕ್ಕೆ ಮೂರು ದಾರಿ ಹುಡುಕಬೇಕಾದವರು ಅವರು. ಆಟೋ ಬಲಕ್ಕೆ ವಾಲಿದರೆ ನಾನೂ ಬಲಕ್ಕೆ. ಒಮ್ಮೆ ಅವರು ಪ್ರಯಾಣಿಕರನ್ನು ಇಳಿಸಲಿಕ್ಕೆ ಎಡಕ್ಕೆ ತಿರುಗಿದಾಗ ನಾನೂ ಹಿಂದೆಯೇ ಹೋಗಿ ಯಾರದ್ದೋ ಗೇಟಿನ ಎದುರು ನಿಂತದ್ದುಂಟು.

ಹೊಂಡಕ್ಕಿಂತಲೂ ನನಗೆ ಹೆದರಿಕೆ ಹೊಂಡ ಮುಚ್ಚಿದ ಜಲ್ಲಿಯದ್ದು. ಡಾಮರು ಹಾಕುವ ಹಾಗಿಲ್ಲ, ಮಳೆ. ಜಲ್ಲಿ ಹಾಕಿ ಹೋಗುತ್ತಾರೆ. ಎರಡೇ ದಿನದಲ್ಲಿ ಲಾರಿ ಚಕ್ರಕ್ಕೆ ಸಿಕ್ಕಿ ಜಲ್ಲಿಯೆಲ್ಲ ರಸ್ತೆ ತುಂಬ. ನಾಲ್ಕು ಚಕ್ರದವರಿಗೆ ಅದು ಬರೀ ಸದ್ದು. ನಮಗೆ ಮೊಣಕಾಲಿನ ಚರ್ಮ.

ಆಗಸ್ಟಿನಲ್ಲಿ ಇನ್ನೊಂದು ಶುರುವಾಗುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟುಗಳಿಗೆ ರಜೆ. ಆ ಎರಡು ತಿಂಗಳು ಬೋಟು ನಿಲ್ಲುವ ದಕ್ಕೆಯ ಕಡೆಯಿಂದ ಬರುವ ಮೀನಿನ ಲಾರಿಗಳು ಕಮ್ಮಿ. ಬೋಟು ಕಡಲಿಗೆ ಇಳಿದ ಮೇಲೆ ಲಾರಿಯ ಹಿಂದಿನಿಂದ ಮಂಜುಗಡ್ಡೆಯ ನೀರು ಗೆರೆ ಎಳೆದ ಹಾಗೆ ಸುರಿಯುತ್ತಾ ಹೋಗುತ್ತದೆ. ಬೂತಾಯಿ ಎಣ್ಣೆಯ ಮೀನು. ಆ ನೀರೂ ಎಣ್ಣೆಯೇ. ತಿರುವಿನಲ್ಲಿ ಅದರ ಮೇಲೆ ಬ್ರೇಕ್ ಹಿಡಿದರೆ ಬೈಕು ನಮ್ಮ ಮಾತು ಕೇಳುವುದಿಲ್ಲ. ಊಟಕ್ಕೆ ಬೂತಾಯಿ ಪುಳಿಮುಂಚಿ ಬೇಕು ಎನ್ನುವವನೂ ನಾನೇ. ಹಾಗಾಗಿ ಜಾಸ್ತಿ ದೂರುವ ಹಾಗಿಲ್ಲ.

ಸಿಟಿ ಬಸ್ಸಿನವರ ಬಗ್ಗೆ ಎಲ್ಲರೂ ಬರೆದಿದ್ದಾರೆ. ಕಂಡಕ್ಟರ್ ವಿಸಿಲ್ ಊದಿ "ರೈಟ್ ಪೋಯಿ" ಎಂದದ್ದು ಕೇಳಿದರೆ ನಾನು ಬಸ್ಸಿನ ಎಡಬದಿಯಲ್ಲಿ ಇರುವುದಿಲ್ಲ. ಅಷ್ಟೇ ನನ್ನ ನಿಯಮ. ಅವರಿಗೂ ನಿಮಿಷದ ಲೆಕ್ಕ ಉಂಟು, ಹಿಂದಿನ ಬಸ್ಸು ಕನ್ನಡಿಯಲ್ಲಿ ಕಾಣುತ್ತಿರುತ್ತದೆ.

ಕೊಟ್ಟಾರ ಚೌಕಿಗೆ ಬಂದರೆ ಫ್ಲೈಓವರಿನ ಅಡಿಯೇ ನಮ್ಮ ಧರ್ಮಛತ್ರ. ಮಳೆ ಜೋರಾದರೆ ಮೂವತ್ತು ನಲ್ವತ್ತು ಬೈಕು ಅಲ್ಲಿ ಸೇರುತ್ತವೆ. ಊಟ ತಲುಪಿಸುವ ಹುಡುಗರು, ಬ್ಯಾಂಕಿನವರು, ಮೆಡಿಕಲ್ ರೆಪ್ರೆಸೆಂಟೇಟಿವ್‌ಗಳು, ಮಗುವನ್ನು ಶಾಲೆಗೆ ಬಿಡುವ ಅಮ್ಮಂದಿರು. ಎಲ್ಲರೂ ಮಳೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಅದನ್ನು ನೋಡಲಿಕ್ಕೇ ಬಂದವರ ಹಾಗೆ. ಯಾರಾದರೊಬ್ಬರು "ಇನಿ ಬರ್ಸ ಉಂತುಜಿ" ಎನ್ನುತ್ತಾರೆ. ಇವತ್ತು ಮಳೆ ನಿಲ್ಲುವುದಿಲ್ಲವಂತೆ. ಹಾಗೆಂದವರೇ ಮೊದಲು ಹೊರಡುತ್ತಾರೆ.

ಹೋದ ಜೂನಿನಲ್ಲಿ ಒಂದು ದಿನ ಅಲ್ಲಿ ತೋಡು ಉಕ್ಕಿ ರಸ್ತೆಯಿಡೀ ನೀರು. ಕೊಟ್ಟಾರ ಚೌಕಿಗೆ ಅದು ಹೊಸದಲ್ಲ. ಆಚೆಯಿಂದ ಬಂದ ಹುಡುಗನೊಬ್ಬನನ್ನು ಕೇಳಿದೆ, "ಎಷ್ಟುಂಟು ನೀರು?"

"ಸೈಲೆನ್ಸರ್ ಮುಳುಗ್ತದೆ ಅಣ್ಣ. ಎಕ್ಸಲೇಟರ್ ಬಿಡಬೇಡಿ, ಸೀದಾ ಹೋಗಿ."

ಧನಿಗಳು ಅಂದು ಒಂಬತ್ತಕ್ಕೇ ಬರಲಿಕ್ಕೆ ಹೇಳಿದ್ದರು. ಇಳಿದೆ. ನಡುವಿಗೆ ಮುಟ್ಟುವಾಗ ಎದುರಿನಿಂದ ಒಂದು ಜೀಪು ಬಂತು. ಅದು ಎಬ್ಬಿಸಿದ ಅಲೆ ಸೀಟಿನ ತನಕ ಬಂತು, ಬೈಕು ಕೆಮ್ಮಿ ನಿಂತಿತು. ದೂಡಿಕೊಂಡು ಆಚೆ ದಡಕ್ಕೆ ಹೋದೆ. ಪ್ಲಗ್ಗಿನ ಕ್ಯಾಪ್ ಕಿತ್ತು ಕರ್ಚೀಫಿನಲ್ಲಿ ಒರೆಸಿದೆ. ಕರ್ಚೀಫೇ ಚಂಡಿ. ಪಕ್ಕದ ಅಂಗಡಿಯವರು ಹಳೆ ಪೇಪರ್ ಕೊಟ್ಟರು. ಹನ್ನೆರಡನೇ ಕಿಕ್ಕಿಗೆ ಶುರುವಾಯಿತು. ಸಂಜೆ ಕುಳಾಯಿಯ ಗ್ಯಾರೇಜಿನವರು ಕಥೆ ಕೇಳಿ ತಲೆಗೆ ಕೈಯಿಟ್ಟುಕೊಂಡರು. "ಸೈಲೆನ್ಸರಿಗೆ ನೀರು ಹೋದರೆ ದೊಡ್ಡದಲ್ಲ ಸಾರ್. ಏರ್ ಫಿಲ್ಟರಿನಿಂದ ಇಂಜಿನಿಗೆ ಹೋಗಿ ನೀವು ಕಿಕ್ ಹೊಡೆದಿದ್ದರೆ ಕನೆಕ್ಟಿಂಗ್ ರಾಡ್ ಬೆಂಡ್. ಇನ್ನು ನೀರಿನಲ್ಲಿ ನಿಂತರೆ ಒದೆಯಲಿಕ್ಕೆ ಹೋಗಬೇಡಿ, ಮೊದಲು ಪ್ಲಗ್ ಬಿಚ್ಚಿ ನೋಡಿ." ನನ್ನ ಅದೃಷ್ಟಕ್ಕೆ ಒದ್ದೆಯಾದದ್ದು ಕ್ಯಾಪ್ ಮಾತ್ರ. ಬ್ರೇಕಿನದ್ದು ಮಾತ್ರ ನನಗೆ ಮೊದಲೇ ಗೊತ್ತಿತ್ತು. ನನ್ನದು ಎರಡೂ ಡ್ರಮ್ ಬ್ರೇಕ್. ನೀರು ದಾಟಿದ ಮೇಲೆ ಸ್ವಲ್ಪ ಹೊತ್ತು ಅದು ಇದ್ದೂ ಇಲ್ಲದ ಹಾಗೆ. ನಿಧಾನ ಹೋಗುತ್ತಾ ಮೆಲ್ಲ ಮೆಲ್ಲ ಒತ್ತಿ ಬಿಸಿ ಮಾಡಿದರೆ ಒಣಗಿ ಹಿಡಿತಕ್ಕೆ ಬರುತ್ತದೆ.

ಉರ್ವಸ್ಟೋರ್, ಚಿಲಿಂಬಿ, ಲೇಡಿಹಿಲ್ ದಾಟಿ ಮಣ್ಣಗುಡ್ಡೆಗೆ ಇಳಿಯುವಾಗ ಮಳೆ ಬಿಟ್ಟಿದ್ದರೂ ಮರಗಳು ಬಿಟ್ಟಿರುವುದಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ ಎಂಬ ಗಾದೆ ಕಟ್ಟಿದವರು ಇಂಥ ದಾರಿಯಲ್ಲೇ ನಡೆದಿರಬೇಕು. ಆಮೇಲೆ ಬಂದರು. ಅಲ್ಲಿ ಮಳೆಗಿಂತ ಲಾರಿಗಳು ದೊಡ್ಡ ಸಮಸ್ಯೆ. ಮೆಣಸಿನ ಮೂಟೆ ಇಳಿಸುವ ಹೊತ್ತಿಗೆ ಸರಿಯಾಗಿ ಹೆಲ್ಮೆಟ್ ತೆಗೆದರೆ ಹತ್ತು ಸೀನು. ಬೈಕು ಇಟ್ಟ ಜಾಗದಲ್ಲಿ ಸಂಜೆ ಅದು ಇರುವುದಿಲ್ಲ. ಲಾರಿಗೆ ದಾರಿ ಮಾಡಲಿಕ್ಕೆ ಹಮಾಲಿ ಅಣ್ಣಂದಿರು ಎತ್ತಿ ಬದಿಗಿಟ್ಟಿರುತ್ತಾರೆ. ಸ್ಪ್ಲೆಂಡರ್ ಅವರಿಗೆ ಒಂದು ಅಕ್ಕಿ ಮೂಟೆಗೆ ಸಮ.

ಮೊನ್ನೆ ಮಂಗಳವಾರ ಸಂಜೆ ಬಂದರಿನಲ್ಲಿ ಜೋರು ಮಳೆ. ಕೋಟು, ಪ್ಯಾಂಟು, ತಲೆಗೆ ಪ್ಲಾಸ್ಟಿಕ್, ಅದರ ಮೇಲೆ ಹೆಲ್ಮೆಟ್, ಎಲ್ಲ ಹಾಕಿ ಹೊರಟೆ. ಲೇಡಿಹಿಲ್‌ನಲ್ಲಿ ಮಳೆ ಬಿಟ್ಟಿತು. ಕೂಳೂರು ದಾಟುವಾಗ ರಸ್ತೆ ಪೂರ್ತಿ ಒಣ. ಪಣಂಬೂರಿನಲ್ಲಿ ಪಡುವಣ ಆಕಾಶ ಕೆಂಪಾಗಿ, ಚಂದ ಬಿಸಿಲು ಇಳಿಯುತ್ತಿತ್ತು. ಒಳಗೆ ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ನಿಂತು ತೆಗೆಯಬೇಕು ಅಂತ ಬೈಕಂಪಾಡಿಯ ತನಕವೂ ಅಂದುಕೊಂಡೆ. ಇನ್ನೆಷ್ಟು ದೂರ, ಮನೆಗೆ ಹೋಗಿಯೇ ತೆಗೆದರಾಯಿತು ಅಂತ ಉದಾಸೀನ. ನನ್ನ ಮುಂದೆ ಹೋಗುತ್ತಿದ್ದ ಇಬ್ಬರೂ ಹಾಗೆಯೇ ಕೋಟಿನಲ್ಲೇ ಇದ್ದರು.

ಆಗ ಡಿವೈಡರಿನ ಆಚೆ, ಸುರತ್ಕಲ್ ಕಡೆಯಿಂದ ಬರುತ್ತಿದ್ದ ಒಬ್ಬ ನಮ್ಮನ್ನು ನೋಡಿದ. ಒಬ್ಬನನ್ನು, ಇನ್ನೊಬ್ಬನನ್ನು, ಆಮೇಲೆ ನನ್ನನ್ನು. ಬಿಳಿ ಅಂಗಿ, ಇಸ್ತ್ರಿ ಹಾಕಿದ್ದು, ಯಾವುದೋ ಮದುವೆಯ ರಿಸೆಪ್ಷನ್ನಿಗೆ ಹೊರಟ ಹಾಗಿದ್ದ. ಇಂಡಿಕೇಟರ್ ಹಾಕಿ ಬದಿಗೆ ನಿಂತ. ಸೀಟಿನ ಬದಿಗೆ ಕಟ್ಟಿದ್ದ ಚೀಲ ಬಿಚ್ಚಿ, ಮಡಚಿದ್ದ ರೈನ್‌ಕೋಟ್ ಕೊಡವಿದ. ಒಂಟಿ ಕಾಲಿನಲ್ಲಿ ನಿಂತ. ನಾನು ಹಾರ್ನ್ ಹೊಡೆದು ಬೇಡ ಅಂತ ಕೈ ಮಾಡಿದೆ. ಪರಿಚಯದವನು ಅಂತ ಎಣಿಸಿದನೋ ಏನೋ, ಪ್ಯಾಂಟಿನಲ್ಲಿ ಒಂದು ಕಾಲು ಹಾಕಿಕೊಂಡೇ ನಗುತ್ತಾ ಅವನೂ ಕೈ ಎತ್ತಿದ.