ಹರಟೆಮಲ್ಲನ ನೋಟ್‌ಬುಕ್

ಬಂಟ್ವಾಳದ ಹತ್ತಿರದ ಒಂದು ಶಾಲೆಯಲ್ಲಿ ನಾನು ನಾಲ್ಕನೇ ಕ್ಲಾಸಿಗೆ ಕನ್ನಡ ಕಲಿಸುತ್ತೇನೆ. ಮಕ್ಕಳಿಗೆ ಕವಿಗಳ ಪರಿಚಯ ಆಗಲಿ ಅಂತ ಎರಡು ರಾತ್ರಿ ಕೂತು ಒಂದು ಚಾರ್ಟ್ ಮಾಡಿದ್ದೆ. ಫೋಟೊ, ಊರು, ಹುಟ್ಟಿದ ಇಸವಿ, ತೀರಿಕೊಂಡ ಇಸವಿ, ಎಲ್ಲ ಚಂದಕ್ಕೆ ಸ್ಕೆಚ್ ಪೆನ್ನಿನಲ್ಲಿ. ಶುಕ್ರವಾರ ಅದನ್ನು ಗೋಡೆಗೆ ತೂಗುಹಾಕಿ ಅರ್ಧ ಗಂಟೆ ವಿವರಿಸಿದೆ. ಮಕ್ಕಳು ಕೇಳಿದ್ದು ಎರಡೇ ಪ್ರಶ್ನೆ.

"ಇವರೆಲ್ಲ ಸತ್ತು ಹೋದವರಾ ಟೀಚರ್?"

"ಇಸವಿ ಪರೀಕ್ಷೆಗೆ ಉಂಟಾ?"

ಮರುದಿನ ಶನಿವಾರ. ಆಟಿ ತಿಂಗಳ ಮಳೆ, ಕರೆಂಟಿಲ್ಲ, ಬಂದದ್ದು ಹನ್ನೊಂದೇ ಮಕ್ಕಳು. ಚಾರ್ಟ್ ತೇವಕ್ಕೆ ಸುರುಟಿಕೊಂಡಿತ್ತು. ಅದನ್ನು ಬಿಚ್ಚುವ ಗೋಜಿಗೆ ಹೋಗದೆ ಸುಮ್ನೆ ಕೇಳಿದೆ, "ನಾಯಿಮರಿ ಹಾಡು ಯಾರಿಗೆ ಬರ್ತದೆ?" ಎಲ್ಲರೂ ಹಾಡಿದರು, ಮಳೆಗಿಂತ ಜೋರಾಗಿ.

"ಬರೆದದ್ದು ಯಾರು?"

"ಮೊಬೈಲಿನಲ್ಲಿ ಉಂಟು ಟೀಚರ್."

"ಯಾರೂ ಬರೆದದ್ದಲ್ಲ. ಅದು ಹಾಡು!"

ನಗು ಬಂತು. ಆದರೆ ಆ ಹಾಡು ಜಿ.ಪಿ. ರಾಜರತ್ನಂ ಅವರದು ಅಂತ ನನಗಾದರೂ ಗೊತ್ತಾದದ್ದು ಯಾವಾಗ? ಟೀಚರ್ ಟ್ರೇನಿಂಗಿಗೆ ಅಂತ ಟಿಸಿಎಚ್ ಓದುವಾಗ. ಅಲ್ಲಿಯವರೆಗೆ ನನಗೂ ಅದು ಯಾರೂ ಬರೆಯದ ಹಾಡೇ ಆಗಿತ್ತು. ಅವರ ಬಗ್ಗೆ ನಾಲ್ಕು ಮಾತು ಹೇಳಿದೆ. ಕುಡುಕ ರತ್ನನ ಪದಗಳನ್ನು ಬರೆದವರೂ ಇವರೇ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಮನೆಗೆ ಹೋಗಿ ಏನು ವರದಿ ಒಪ್ಪಿಸುತ್ತಾರೋ!

ಆಮೇಲೆ ಪಂಜೆ ಮಂಗೇಶರಾಯರ 'ನಾಗರ ಹಾವೇ' ಹೇಳಿಕೊಟ್ಟೆ. ಈ ಪದ್ಯದ ಗಮ್ಮತ್ತು ಇರುವುದು ನುಡಿಗಳ ಕೊನೆಯಲ್ಲಿ. ಮೊದಲ ನುಡಿ ಹಾವನ್ನು 'ಬಾ ಬಾ' ಅಂತ ಕರೆಯುತ್ತದೆ. ಮುಂದೆ 'ತಾ ತಾ' ಅಂತ ಚಿನ್ನ ಕೇಳುತ್ತದೆ. ಕೊನೆಗೆ 'ಪೋ ಪೋ' ಅಂತ ಸಾಗಹಾಕುತ್ತದೆ. 'ಪೋ' ಬಂದದ್ದೇ ತಡ, ಕ್ಲಾಸು ಗೊಳ್ಳೆಂದಿತು. ಇವರಲ್ಲಿ ಹೆಚ್ಚಿನವರ ಮನೆಮಾತು ತುಳು. ತುಳುವಿನಲ್ಲೂ 'ಪೋ' ಅಂದರೆ ಹೋಗು.

"ಟೀಚರ್, ಇದು ತುಳು!"

ಹಳಗನ್ನಡದಲ್ಲೂ ಹಾಗೇ ಇತ್ತು ಮಕ್ಕಳೇ ಅಂದೆ. ಯಾರಿಗೆ ಬೇಕು ಹಳಗನ್ನಡ? ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಗಂಭೀರವಾಗಿ ಎದ್ದು ನಿಂತಳು. ಅವರ ಮನೆ ಪಕ್ಕದಲ್ಲೇ ನಾಗಬನ.

"ನಾಗನಿಗೆ ಹಾಗೆಲ್ಲ ಪೋ ಹೇಳಬಾರದು ಟೀಚರ್. ದೋಷ ಬರ್ತದೆ."

ಕ್ಲಾಸು ತಣ್ಣಗಾಯಿತು. ನನಗೂ ಏನು ಹೇಳಬೇಕೋ ತೋಚಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ, "ಎರಗುವೆ ನಿನಗೆ ಅಂತ ಉಂಟಲ್ವಾ? ಎರಗುವುದು ಅಂದ್ರೆ ಕೈ ಮುಗಿಯುವುದು. ಕೈ ಮುಗಿದೇ ಪೋ ಹೇಳಿದ್ದು, ಅಡ್ಡಿ ಇಲ್ಲ." ಅವನ ಬಾಯಿಗೆ ಬೀಗ ಹಾಕಲು ನಾನು ದಿನಾ ಒದ್ದಾಡುತ್ತೇನೆ. ಆವತ್ತು ಆ ಬಾಯಿಯೇ ನನ್ನನ್ನು ಉಳಿಸಿತು. ಹುಡುಗಿ ಸ್ವಲ್ಪ ಯೋಚಿಸಿ ಕೂತಳು.

"ಈ ಪಂಜೆಯವರು ಎಲ್ಲಿಯವರು ಗೊತ್ತುಂಟಾ? ಬಂಟ್ವಾಳದವರು."

"ನಮ್ಮ ಬಂಟ್ವಾಳವಾ? ಮೊನ್ನೆ ಕೊಡೆ ತಂದದ್ದು, ಆ ಬಂಟ್ವಾಳವಾ?"

ಹೌದು ಅಂದೆ. ಹಿಂದಿನ ದಿನ ಇದೇ ಊರಿನ ಹೆಸರನ್ನು ಚಾರ್ಟ್ ನೋಡಿ ಎರಡು ಸಲ ಓದಿದ್ದೆ, ಯಾರೂ ತಲೆ ಎತ್ತಿರಲಿಲ್ಲ. ಈಗ ಪ್ರಶ್ನೆಗಳ ಮಳೆ. ಮನೆ ಎಲ್ಲಿತ್ತು, ಹಾವು ಕಂಡಿದ್ದರಾ, ಮಕ್ಕಳಿಗೆ ಹೊಡೀತಿದ್ರಾ. ಅವರು ಮೇಷ್ಟ್ರೂ ಆಗಿದ್ದರು, ಶಾಲೆಗಳ ಇನ್ಸ್‌ಪೆಕ್ಟರೂ ಆಗಿದ್ದರು ಅಂದೆ. ತುಳುನಾಡಿನ ವೀರರಾದ ಕೋಟಿ ಚೆನ್ನಯರ ಕತೆಯನ್ನೂ ಬರೆದಿದ್ದಾರೆ ಅಂದಾಗ, ಆ ವೀರರ ಗರಡಿಯಲ್ಲಿ ನೇಮ, ಅಂದರೆ ದೈವದ ಉತ್ಸವ, ನೋಡಿದ್ದವರೆಲ್ಲ ತಾವೇ ಕತೆ ಹೇಳತೊಡಗಿದರು. ಹತ್ತು ನಿಮಿಷ ನನಗೆ ಮಾತಾಡಲು ಜಾಗವೇ ಸಿಗಲಿಲ್ಲ.

ಬೆಲ್ ಹೊಡೆಯುವ ಹೊತ್ತಿಗೆ ಅವರ ಕಾವ್ಯನಾಮಗಳನ್ನು ಹೇಳಿದೆ. ಒಂದು ಕವಿಶಿಷ್ಯ. ಇನ್ನೊಂದು ಹರಟೆಮಲ್ಲ. ಹೆಸರು ಯಾಕೆ ಬದಲಿಸಿದರು, ಪೊಲೀಸರು ಹಿಡೀತಾರೆ ಅಂತಲಾ ಅಂತ ಒಂದು ಅನುಮಾನ ಬಂತು. 'ಹರಟೆಮಲ್ಲ' ಅಂದದ್ದೇ ಎಲ್ಲರೂ ಹಿಂದಿನ ಬೆಂಚಿನ ಕಡೆ ತಿರುಗಿದರು. ಹುಡುಗ ನಾಚಲಿಲ್ಲ, ಎದ್ದು ನಿಂತು ಕೈ ಮುಗಿದ.

ಬುಧವಾರ ಮುಖ್ಯ ಶಿಕ್ಷಕರು ಒಂದು ನೋಟ್‌ಬುಕ್ ಹಿಡಿದು ಬಂದರು. ಲೇಬಲ್‌ನಲ್ಲಿ ದಪ್ಪ ಅಕ್ಷರ: ಹರಟೆಮಲ್ಲ, ನಾಲ್ಕನೇ ತರಗತಿ.

"ಇದು ಯಾರು ಟೀಚರ್, ಹೊಸ ಅಡ್ಮಿಷನ್ನಾ?"